ಛತ್ರದವನ ಕೈಗಿತ್ತ ಎರಡು ನಾಣ್ಯಗಳು

(ಶತಮಾನೋತ್ಸವದ ಕೃತಜ್ಞತಾ ಬಲಿಪೂಜೆಯಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಪ್ರಬೋಧನೆ)



ಈ ದಿನ ಬಲಿಪೀಠದ ಮುಂದೆ ಗಾರೆ ಕೆಲಸದವರ ಕುಟುಂಬವೊಂದು ಕೃತಜ್ಞತೆಯಿಂದ ಮೊಣಕಾಲೂರಿದೆ. ಅವರ ಮಗಳು 2018ರ ಮಳೆಗಾಲದಲ್ಲಿ ಏಳನೆಯ ತಿಂಗಳಿಗೇ ಹುಟ್ಟಿದಳು. ತೂಕ ಒಂದು ಕಿಲೋಗ್ರಾಮಿಗೆ ತುಸು ಮಿಗಿಲು. ಇಂತಹ ಶಿಶುಗಳಲ್ಲಿ ಶ್ವಾಸಕೋಶದ ಗಾಳಿಗೂಡುಗಳು ಕುಸಿಯದಂತೆ ಕಾಯುವ ದ್ರವವು ಇನ್ನೂ ಸಾಕಷ್ಟು ಸಿದ್ಧವಾಗಿರುವುದಿಲ್ಲ. 1963ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಇದೇ ತೊಂದರೆಯಿಂದ, ಹುಟ್ಟಿ ಎರಡು ದಿನ ತುಂಬುವ ಮುನ್ನವೇ ತೀರಿಕೊಂಡನು. ಇಂದು ತೀವ್ರ ನಿಗಾ ಘಟಕದಲ್ಲಿ ಆ ದ್ರವವನ್ನು ಔಷಧವಾಗಿ ಶ್ವಾಸನಾಳಕ್ಕೆ ಕೊಡುತ್ತಾರೆ. ಯಂತ್ರವು ಉಸಿರಾಟಕ್ಕೆ ಆಸರೆಯಾಗುತ್ತದೆ. ಅಂದು ರಾಷ್ಟ್ರಾಧ್ಯಕ್ಷರ ಮಗನಿಗೆ ದೊರಕದ್ದು ಈ ಮಗಳಿಗೆ ದೊರಕಿತು.

ದೊರಕಿತು, ಆದರೆ ಪುಕ್ಕಟೆಯಾಗಿ ಅಲ್ಲ. ತಾಯಿಯ ಒಡವೆಗಳು ಗಿರವಿಗೆ ಹೋದವು. ಹಣ ತೀರಿತು. ಆದರೂ ಅವರು ನಮ್ಮ ಬಳಿಗೆ ಬರಲಿಲ್ಲ. ಮಗುವಿನ ಸ್ಥಿತಿ ಬಿಗಡಾಯಿಸಿ, ಜ್ಞಾನಸ್ನಾನಕ್ಕೆಂದು ಕರೆಬಂದಾಗಲೇ ನಮಗೆ ತಿಳಿದದ್ದು. “ಮೊದಲೇ ಏಕೆ ಹೇಳಲಿಲ್ಲಪ್ಪಾ?” ಎಂದು ಕೇಳಿದೆವು. “ದೇವಾಲಯದ ಜೀರ್ಣೋದ್ಧಾರದ ವಂತಿಗೆಯನ್ನೇ ಕಟ್ಟಿಲ್ಲ ಸ್ವಾಮಿ, ಯಾವ ಮುಖ ಹೊತ್ತು ಬರಲಿ?” ಎಂದರು. ಬಾಕಿದಾರರ ಪಟ್ಟಿಯನ್ನು ದೇವಾಲಯದ ಬಾಗಿಲಿಗೆ ಅಂಟಿಸಿದವರು ನಾವೇ. ಆ ರಾತ್ರಿ ಹಿಂದಿರುಗಿ, ನಮ್ಮ ಕೈಯಿಂದಲೇ ಅದನ್ನು ಹರಿದು ತೆಗೆದೆವು.

ಮರು ಭಾನುವಾರ ಸಂತ ವಿನ್ಸೆಂಟ್ ಡಿ ಪಾಲ್ ಸಭೆಯ ಸದಸ್ಯರು ಮನೆಗೊಂದು ದಿನದ ದುಡಿಮೆಯನ್ನು ಬೇಡಿದರು. ಆ ಪಟ್ಟಿಯಲ್ಲಿದ್ದ ಇತರರೂ ಕೊಟ್ಟರು. ಆಸ್ಪತ್ರೆಯವರು ತಮಗೆ ಬರಬೇಕಾದ ಹಣದಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟರು.

ಶುಭಸಂದೇಶದ ಸಮಾರಿಯದವನು ಗಾಯಾಳುವನ್ನು ಛತ್ರಕ್ಕೆ ಸೇರಿಸಿ, ಛತ್ರದವನಿಗೆ ಎರಡು ದಿನಾರಿ ನಾಣ್ಯಗಳನ್ನು ಕೊಟ್ಟನು. ಒಂದು ದಿನಾರಿ ಎಂದರೆ ಅಂದಿನ ಕೂಲಿಯಾಳಿನ ಒಂದು ದಿನದ ಕೂಲಿ. ಗಾಯಕ್ಕೆ ಎಣ್ಣೆ ಸುರಿದ ಕೈಯನ್ನು ಹೊಗಳುವ ನಾವು, ಆರೈಕೆಗೆ ನಿಂತ ಛತ್ರದವನನ್ನೂ ಆ ಕೂಲಿಯ ಹಣವನ್ನೂ ಮರೆಯುತ್ತೇವೆ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್‌ರವರು ರೋಗಿಗಳಿಗೆ ಔಷಧ ಕೊಡತೊಡಗಿದಾಗ, 1886ರಲ್ಲಿ ಬೆಂಗಳೂರಿನಲ್ಲಿ ಗುಡ್ ಶೆಪರ್ಡ್ ಭಗಿನಿಯರು ಸಂತ ಮಾರ್ತಾ ಆಸ್ಪತ್ರೆಯನ್ನು ತೆರೆದಾಗ, ಅವರು ಕಟ್ಟಿದ್ದು ಇಂತಹ ಛತ್ರವನ್ನೇ. ನಾಣ್ಯಗಳನ್ನು ಒದಗಿಸುವ ಹೊಣೆ ನಮ್ಮದು.

ಇನ್ನೊಂದು ಮಾತು. ಪಕ್ಕದ ತೊಟ್ಟಿಲಿನ ಮಗು ಉಳಿಯಲಿಲ್ಲ. ಆದುದರಿಂದ ದೇವರು ನಮ್ಮ ಮೊರೆಯನ್ನು ಮಾತ್ರ ಕೇಳಿದರೆಂದು ನಾವು ಹೇಳಲಾರೆವು. ಈ ತಾಯಿ ಮಗಳ ಪ್ರತಿ ಹುಟ್ಟುಹಬ್ಬದಂದು ಎರಡು ಮೇಣದ ಬತ್ತಿಗಳನ್ನು ಹಚ್ಚುತ್ತಾರೆ. ಕೃತಜ್ಞತೆ ಎಂದರೇನೆಂಬುದನ್ನು ನಾವು ಅವರಿಂದ ಕಲಿತೆವು.

ನೂರು ವರ್ಷ ತುಂಬಿದ ಈ ದೇವಾಲಯದಲ್ಲಿ, ರೋಗಗ್ರಸ್ತ ಮಕ್ಕಳಿಗಾಗಿ ಒಂದು ಕಾಣಿಕೆ ಪೆಟ್ಟಿಗೆಯನ್ನು ಇಂದು ಇರಿಸಿದ್ದೇವೆ. ಅದರೊಳಗೆ ಮೊದಲು ಬಿದ್ದದ್ದು ಈ ಗಾರೆ ಕೆಲಸದವರ ಒಂದು ದಿನದ ಕೂಲಿ. ಕೊಟ್ಟವರ ಹೆಸರನ್ನಾಗಲಿ, ಕೊಡದವರ ಹೆಸರನ್ನಾಗಲಿ ನಾವು ಬರೆದಿಡುವುದಿಲ್ಲ. ಕಷ್ಟದಲ್ಲಿರುವವರು ಸಂಕೋಚವಿಲ್ಲದೆ ಬರಲಿ. ಬಾಗಿಲಿನ ಮೇಲೆ ಈಗ ಯಾವ ಪಟ್ಟಿಯೂ ಇಲ್ಲ.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ. ಆಮೆನ್.