ಬೆಳಗಾವಿಯ ಬಂದರು

ಬೆಳಗಾವಿಗೆ ಸಮುದ್ರವಿಲ್ಲ, ಆದರೂ ಒಂದು ಕಾಲಕ್ಕೆ ಅದಕ್ಕೊಂದು ಬಂದರು ಇತ್ತು. ಪಶ್ಚಿಮಕ್ಕೆ ಹೊರಟು, ಅಂಬೋಲಿ ಘಟ್ಟವನ್ನಿಳಿದು, ಸಾವಂತವಾಡಿಯನ್ನು ದಾಟಿದರೆ ಸುಮಾರು 120 ಕಿಲೋಮೀಟರುಗಳ ಕೊನೆಯಲ್ಲಿ ಸಿಗುವ ವೆಂಗುರ್ಲೆಯೇ ಆ ಬಂದರು. ಇಂದು ಅದು ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಸಣ್ಣದೊಂದು ಊರು. ಅಲ್ಲಿಗೆ ಹೋಗುವ ನಮ್ಮವರು ಕಡಲನ್ನು ನೋಡಿ, ಮೀನೂಟ ಮುಗಿಸಿ ಹಿಂತಿರುಗುತ್ತಾರೆ. ಪಾಳುಬಿದ್ದು ನಿಂತಿರುವ ಡಚ್ಚರ ವಖಾರಿಯತ್ತ ಕಣ್ಣು ಹಾಯಿಸುವವರು ವಿರಳ.

ಡಚ್ಚರು ಅಲ್ಲಿ ನೆಲೆಯೂರಿದ್ದು 1637ರಲ್ಲಿ, ಬಿಜಾಪುರದ ಮಹಮ್ಮದ್ ಆದಿಲಶಹನ ಅನುಮತಿಯಿಂದ. ವ್ಯಾಪಾರವೊಂದೇ ಅವರ ಉದ್ದೇಶವಾಗಿರಲಿಲ್ಲ. ಗೋವೆಯ ಪೋರ್ತುಗೀಜರನ್ನು ಹಣಿಯಲೆಂದು 1636ರಿಂದ ಸುಮಾರು ಎಂಟು ವರ್ಷಕಾಲ ಅವರ ನೌಕೆಗಳು ಮಾಂಡವಿಯ ಅಳಿವೆಗೆ ಮುತ್ತಿಗೆ ಹಾಕುತ್ತಿದ್ದವು. ಆ ನೌಕೆಗಳಿಗೆ ನೀರು, ಆಹಾರ, ಸುದ್ದಿ ಒದಗಿಸಲು ಗೋವೆಗೆ ಸಮೀಪದ ಒಂದು ನೆಲೆ ಬೇಕಾಗಿತ್ತು. ಈ ಮಾಂಡವಿಯಾದರೂ ನಮಗೆ ಪರಕೀಯ ನದಿಯಲ್ಲ. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಗೋವೆಯಲ್ಲಿ ಆ ಹೆಸರು ತಳೆಯುತ್ತದೆ.

ಡಚ್ಚರ ಕಾಲ ಮುಗಿದ ಮೇಲೂ ಬಂದರು ಉಳಿಯಿತು. 1812ರಲ್ಲಿ ವೆಂಗುರ್ಲೆಯೂ, 1818ರಲ್ಲಿ ಬೆಳಗಾವಿಯ ಕೋಟೆಯೂ ಇಂಗ್ಲಿಷರ ಕೈಸೇರಿದವು. ಬೆಳಗಾವಿಯಲ್ಲಿ ದಂಡು ಬೀಡುಬಿಟ್ಟಿತು. ದಂಡಿಗೆ ಬೇಕಾದ ಸರಕು ಕಡಲಿನಿಂದ ಘಟ್ಟವೇರಿ ಬಂದಿತು. ನಮ್ಮ ಸೀಮೆಯ ಹತ್ತಿ ಗಾಡಿಗಳಲ್ಲಿ ಘಟ್ಟವಿಳಿದು ಹಡಗು ಸೇರಿತು. ಎತ್ತುಗಳ ಹೆಜ್ಜೆ ಸವೆಸಿದ ಆ ದಾರಿಯೇ ವೆಂಗುರ್ಲೆ ರಸ್ತೆ.

ಈ ಬಂದರಿಗೆ ಪೆಟ್ಟು ಬಿದ್ದದ್ದು ಕಡಲಿನಿಂದಲ್ಲ, ನೆಲದಿಂದ. 1887-88ರಲ್ಲಿ ರೈಲುಮಾರ್ಗ ಬೆಳಗಾವಿಯನ್ನು ಖಾನಾಪುರ ತಾಲ್ಲೂಕಿನ ಲೋಂಡಾದ ಮೂಲಕ ಗೋವೆಯ ಮರ್ಮಗೋವೆ ಬಂದರಿಗೆ ಜೋಡಿಸಿತು. ಗಾಡಿಗಳ ಸಾಲು ಕರಗಿತು. ವೆಂಗುರ್ಲೆಯಲ್ಲಿ ಅಲೆಗಳು ಎಂದಿನಂತೆ ಬಂದುಹೋಗುತ್ತಿದ್ದವು. ಸರಕು ಮಾತ್ರ ಬೇರೆ ದಾರಿ ಹಿಡಿದಿತ್ತು.

ಇಂಥ ಗತಿ ಡಚ್ಚರ ಸ್ವಂತ ನಾಡಿನ ಬಂದರುಗಳಿಗೂ ತಪ್ಪಲಿಲ್ಲ. ಅಲ್ಲಿಯ ಝೀಲೆಂಡ್ ಪ್ರಾಂತ್ಯದಲ್ಲಿ ವೇರೆ ಎಂಬ ಪುಟ್ಟ ಊರಿದೆ. 1541ರಿಂದ ಎರಡೂವರೆ ಶತಮಾನಗಳಷ್ಟು ಕಾಲ ಸ್ಕಾಟ್ಲೆಂಡಿನ ಉಣ್ಣೆಯ ವ್ಯಾಪಾರಕ್ಕೆ ಅದು ಕೇಂದ್ರವಾಗಿತ್ತು. 1953ರ ಭೀಕರ ಪ್ರವಾಹದ ಅನಂತರ ಡಚ್ಚರು ಅಳಿವೆಗಳಿಗೆ ಅಡ್ಡಗಟ್ಟೆ ಕಟ್ಟತೊಡಗಿದರು. 1961ರಲ್ಲಿ ವೇರೆಯ ಅಳಿವೆ ಮುಚ್ಚಿತು. ಊರ ಮುಂದಣ ಕಡಲು ಸರೋವರವಾಯಿತು. ಮೀನುದೋಣಿಗಳು ಬೇರೆ ಬಂದರನ್ನು ಅರಸಿ ಹೋದವು. ಈಗ ಅಲ್ಲಿಗೆ ಬರುವುದು ವಿಹಾರದ ದೋಣಿಗಳು, ನದೀಯಾತ್ರೆಯ ಹಡಗುಗಳು. ಆದರೆ ಸ್ಕಾಟಿಷ್ ವರ್ತಕರ ಮನೆಗಳನ್ನು ಅವರು ವಸ್ತುಸಂಗ್ರಹಾಲಯವಾಗಿ ಕಾಪಾಡಿದ್ದಾರೆ. ಅರ್ಧದಿನಕ್ಕೆ ಇಳಿದ ಪ್ರಯಾಣಿಕನಿಗೂ ಇಲ್ಲಿ ಯಾರ ಸರಕು ಇಳಿಯುತ್ತಿತ್ತು ಎಂಬುದು ತಿಳಿಯುತ್ತದೆ.

ನಮ್ಮಲ್ಲಿ ಇದು ಕಷ್ಟವಾಗಿರುವುದಕ್ಕೆ ಒಂದು ಕಾರಣವುಂಟು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಬೆಳಗಾವಿ ಒಂದು ರಾಜ್ಯಕ್ಕೂ ವೆಂಗುರ್ಲೆ ಇನ್ನೊಂದಕ್ಕೂ ಸೇರಿದವು. ವಖಾರಿಯ ಕಥೆ ಅವರ ಪಾಲಾಯಿತು, ಹತ್ತಿಯ ಕಥೆ ನಮ್ಮ ಪಾಲಾಯಿತು. ನೆಲವನ್ನು ಹಂಚುವುದು ಆಡಳಿತಕ್ಕೆ ಅಗತ್ಯವಾಗಿರಬಹುದು. ಚರಿತ್ರೆಯನ್ನು ಹಾಗೆ ಹಂಚಿದರೆ ಎರಡು ಕಡೆಯವರಿಗೂ ಅರ್ಥವಾಗದ ಎರಡು ತುಂಡುಗಳಷ್ಟೇ ಉಳಿಯುತ್ತವೆ. ಪಣಜಿಯಲ್ಲಿ ಸಂಜೆಯ ವಿಹಾರನೌಕೆ ಏರುವ ಬೆಳಗಾವಿಯವರಲ್ಲಿ ಎಷ್ಟು ಮಂದಿಗೆ ತಮ್ಮ ಕೆಳಗೆ ಹರಿಯುತ್ತಿರುವುದು ಖಾನಾಪುರದ ನೀರೆಂಬ ನೆನಪಿದ್ದೀತು?

ಮುಂದೊಮ್ಮೆ ಅಂಬೋಲಿ ಘಟ್ಟವಿಳಿದು ಹೋದಾಗ ಕೇಳುಗರು ಕಡಲ ದಂಡೆಗೆ ಧಾವಿಸುವ ಮುನ್ನ ಆ ವಖಾರಿಯ ಬಳಿ ಒಂದು ಗಳಿಗೆ ನಿಲ್ಲಬೇಕು, ಜೊತೆಗೆ ಬಂದ ಮಕ್ಕಳಿಗೆ ಆ ಗೋಡೆಗಳ ಕಥೆಯನ್ನೂ, ಗಾಡಿಗಳು ಬಂದ ದಾರಿಯನ್ನೂ ಹೇಳಬೇಕು. ಆ ಮಕ್ಕಳು ಮರಳಿ ಬರುವುದೂ ಅದೇ ದಾರಿಯಲ್ಲಿ ತಾನೆ?