ಉತಾರದಲ್ಲಿ ಕಾಣದ ಬೋಜಾ



ನಮ್ಮ ಐಹೊಳೆಯ ಲಾಡ್‌ಖಾನ್ ಗುಡಿಗೆ ಆ ಹೆಸರು ಕಟ್ಟಿಸಿದವರಿಂದ ಬಂದದ್ದಲ್ಲ. ಎಷ್ಟೋ ಶತಮಾನಗಳ ನಂತರ ಅದರೊಳಗೆ ಸಂಸಾರ ಹೂಡಿದ್ದವನ ಹೆಸರು ಅದು. ಚಾಲುಕ್ಯರ ಗುಡಿ ಆಮೇಲೆ ಯಾರ ಮನೆಯಾಗಿತ್ತು ಎಂಬುದನ್ನು ಊರು ಹೀಗೆ ನೆನಪಿಟ್ಟುಕೊಂಡಿತು. ಆದರೆ ಇವತ್ತು ಇಳಕಲ್‌ನಲ್ಲೋ ಬಾಗಲಕೋಟೆಯಲ್ಲೋ ನೀವು ಕೊಳ್ಳುವ ಮೂವತ್ತು-ನಲವತ್ತರ ಪ್ಲಾಟಿನಲ್ಲಿ ಮೊದಲು ಏನು ನಡೆಯುತ್ತಿತ್ತು? ಉತಾರ, ಅಂದರೆ ಪಹಣಿ, ತೆಗೆಸಿ ನೋಡಿ. ಮಾಲೀಕರು ಸಿಗುತ್ತಾರೆ, ಬೆಳೆ ಸಿಗುತ್ತದೆ, ಬ್ಯಾಂಕಿನ ಸಾಲದ ಬೋಜಾ ಸಿಗುತ್ತದೆ. ಮಣ್ಣಿಗೆ ಇಳಿದ ವಿಷಕ್ಕೆ ಅಲ್ಲಿ ಕಲಂ ಇಲ್ಲ. ನನ್ನ ಇವತ್ತಿನ ಮಾತೆಲ್ಲ ಆ ಇಲ್ಲದ ಕಲಮಿನ ಬಗ್ಗೆ.

ಕಲಂ ಇದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದೂ ಅಲ್ಲ. ಅಮೆರಿಕದ ನಯಾಗರ ಫಾಲ್ಸ್ ಊರಿನಲ್ಲಿ ಲವ್ ಕೆನಾಲ್ ಎಂಬ ಬಡಾವಣೆ ಇತ್ತು. ಒಂದು ರಾಸಾಯನಿಕ ಕಂಪನಿ ಅಲ್ಲಿನ ಹಳೆಯ ಕಾಲುವೆಗೆ ಸುಮಾರು 21,000 ಟನ್ ತ್ಯಾಜ್ಯ ಸುರಿದು, ಮೇಲೆ ಮಣ್ಣು ಮುಚ್ಚಿ, 1953ರಲ್ಲಿ ಆ ನೆಲವನ್ನು ಶಾಲಾ ಮಂಡಳಿಗೆ ಒಂದು ಡಾಲರಿಗೆ ಬರೆದುಕೊಟ್ಟಿತು. ಒಳಗೆ ರಾಸಾಯನಿಕ ಇದೆ ಎಂದು ಕ್ರಯಪತ್ರದಲ್ಲೇ ಇತ್ತು. ಆದರೂ ಶಾಲೆ ಎದ್ದಿತು, ಸುತ್ತ ಮನೆಗಳು ಎದ್ದವು. 1978ರಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಜನರನ್ನು ಖಾಲಿ ಮಾಡಿಸಬೇಕಾಯಿತು. ಬರೆದಿಟ್ಟರೆ ಸಾಲದು, ಆ ಬರಹ ಪರವಾನಗಿ ಕೊಡುವವನ ಕೈ ಹಿಡಿಯಬೇಕು.

ನಮ್ಮ ರಾಜ್ಯದ ದೊಡ್ಡ ಉದಾಹರಣೆ ಕೆಜಿಎಫ್, ಕೋಲಾರದ ಚಿನ್ನದ ಗಣಿಯ ಊರು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ನೂರಿಪ್ಪತ್ತು ವರ್ಷ ಬಂಗಾರ ತೆಗೆದರು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಬಂಗಾರ ಕರಗಿಸಿ ಬೇರ್ಪಡಿಸುತ್ತಿದ್ದರು. ಉಳಿದ ರಾಡಿಯೇ ಊರ ನಡುವಿನ ಬೂದು ಗುಡ್ಡಗಳು: ಒಟ್ಟು 13, ಸುಮಾರು ಸಾವಿರ ಎಕರೆಯಲ್ಲಿ 3.3 ಕೋಟಿ ಟನ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಗುಡ್ಡಗಳು ಹಾಗೇ ಉಳಿದವು. ಸೈನೈಡ್ ಬಿಸಿಲಿಗೆ, ಗಾಳಿಗೆ ಕಾಲಕ್ರಮೇಣ ಒಡೆಯುತ್ತದೆ. ಕಲ್ಲಿನ ಜೊತೆ ಬಂದ ಭಾರಲೋಹಗಳು ಒಡೆಯುವುದಿಲ್ಲ. ಗಾಳಿ ಎದ್ದ ದಿನ ಆ ಧೂಳು ಮನೆಯೊಳಗಿನ ಪಾತ್ರೆಯ ಮೇಲೆ ಕೂರುತ್ತದೆ.

2024ರ ಜೂನ್‌ನಲ್ಲಿ ಈ ಗುಡ್ಡಗಳನ್ನು ಮತ್ತೆ ಜಾಲಾಡಿ ಬಂಗಾರ ತೆಗೆಯುವ ಪ್ರಸ್ತಾಪಕ್ಕೆ ರಾಜ್ಯ ಸಂಪುಟ ಒಪ್ಪಿತು. ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಬಂಗಾರ. ತೆಗೆಯಲಿ, ನನ್ನ ತಕರಾರಿಲ್ಲ. ಆದರೆ ಬಂಗಾರ ಹೋದ ಮೇಲೆ ಉಳಿಯುವುದೂ ಹತ್ತಿರ ಹತ್ತಿರ 3.3 ಕೋಟಿ ಟನ್ನೇ. ಅದನ್ನು ಎಲ್ಲಿ ಇಡುತ್ತಾರೆ, ಯಾವುದರಿಂದ ಮುಚ್ಚುತ್ತಾರೆ, ಮುಂದಿನ ಐವತ್ತು ವರ್ಷ ಅಂತರ್ಜಲವನ್ನು ಪರೀಕ್ಷಿಸುವವರು ಯಾರು? ಟೆಂಡರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವು.

ನೆಲ ತೊಳೆಯುವ ದಾರಿಗಳಲ್ಲಿ ಜಾದೂ ಏನಿಲ್ಲ. ಮಣ್ಣು ಅಗೆದು ಬೇರೆ ಕಡೆ ಒಯ್ಯಬಹುದು, ಅಲ್ಲೇ ಜೇಡಿಮಣ್ಣು-ಪ್ಲಾಸ್ಟಿಕ್ ಹಾಳೆಯ ಹೊದಿಕೆ ಹಾಕಬಹುದು, ನೀರನ್ನು ಮೇಲೆತ್ತಿ ಶುದ್ಧ ಮಾಡಬಹುದು, ಎಣ್ಣೆಯ ಜಾತಿಯದಾದರೆ ಸೂಕ್ಷ್ಮಜೀವಿಗಳಿಗೆ ತಿನ್ನಿಸಬಹುದು. ಒಯ್ದರೆ ಮುಗಿಯಿತು ಎನ್ನಬೇಡಿ. 1984ರ ದುರಂತದ ಭೋಪಾಲ್ ಕಾರ್ಖಾನೆಯಿಂದ 337 ಟನ್ ತ್ಯಾಜ್ಯವನ್ನು ಅದೇ ರಾಜ್ಯದ ಪೀಥಂಪುರಕ್ಕೆ ಒಯ್ದು ಸುಟ್ಟದ್ದು 2025ರಲ್ಲಿ. ತ್ಯಾಜ್ಯ ಹೊರಡುತ್ತದೆ ಎಂದ ಕೂಡಲೇ ಪೀಥಂಪುರದವರು ಬೀದಿಗಿಳಿದರು. ನಾವಾಗಿದ್ದರೂ ಇಳಿಯುತ್ತಿದ್ದೆವು. ಎಷ್ಟು ತೊಳೆಯಬೇಕು ಎಂಬುದು ಅಲ್ಲಿ ಮುಂದೆ ಏನು ಬರುತ್ತದೆ ಎಂಬುದರ ಮೇಲಿದೆ: ಗೋದಾಮಿಗೆ ಸಾಕಾದ ನೆಲ ಅಂಗನವಾಡಿಗೆ ಸಾಲದು, ಮಕ್ಕಳು ಮಣ್ಣಾಡಿದ ಕೈ ಬಾಯಿಗಿಡುತ್ತಾರೆ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣೆಗೆಂದೇ ನಿಯಮ ತಂದಿತು. ಕೆಡಿಸಿದವರೇ ಖರ್ಚು ಕೊಡಬೇಕು ಎನ್ನುತ್ತದೆ, ಒಳ್ಳೆಯದು. ಆದರೆ ಗಣಿಯಿಂದಾದ ಮಾಲಿನ್ಯವನ್ನೂ ಊರ ಕಸದ ಗುಡ್ಡೆಯನ್ನೂ ಅವಕ್ಕೆ ಬೇರೆ ಕಾನೂನಿದೆ ಎಂದು ಸಾಮಾನ್ಯವಾಗಿ ಹೊರಗಿಟ್ಟಿದೆ. ಕೆಜಿಎಫ್‌ನಂಥ ಊರಿಗೆ ಇದರಿಂದ ಸಿಕ್ಕಿದ್ದು ಅಷ್ಟಕ್ಕಷ್ಟೆ.

ನಮ್ಮ ಕಡೆಗೆ ಬನ್ನಿ. ಇಳಕಲ್ ಗ್ರಾನೈಟಿನ ಪುಡಿ ಕೆರೆಗೆ, ಹೊಲಕ್ಕೆ ಕಂಟಕ, ಆದರೆ ಅದು ಕಣ್ಣಿಗೆ ಕಾಣುತ್ತದೆ. ನನಗೆ ಚಿಂತೆ ಕಾಣದ್ದರದು: ಸೀರೆಯ ನೂಲಿಗೆ ಬಣ್ಣ ಹಾಕಿದ ನೀರು ಇಂಗಿದ ಹಿತ್ತಿಲು, ಹಳೆ ಬ್ಯಾಟರಿ ಒಡೆದು ಸೀಸ ಕರಗಿಸಿದ ಜಾಗ, ಮುಚ್ಚಿದ ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕು, ಗ್ಯಾರೇಜಿನ ಅಂಗಳ. ಇವೆಲ್ಲ ವಿಷ ಎಂದು ನಾನು ಹೇಳುತ್ತಿಲ್ಲ, ನೇಕಾರರ ಮೇಲೆ ದೂರು ಹೊರಿಸುತ್ತಲೂ ಇಲ್ಲ. ಅವರೇ ಮೊದಲು ಆ ನೀರಿನಲ್ಲಿ ಕೈ ಅದ್ದಿದವರು. ಮನೆ ಕಟ್ಟುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಎನ್ನುತ್ತಿದ್ದೇನೆ, ಅಷ್ಟೆ. ಹೊಲವನ್ನು ಎನ್‌ಎ, ಅಂದರೆ ಕೃಷಿಯೇತರ, ಮಾಡಿಸಲು ಎಷ್ಟೊಂದು ಕಾಗದ ಕೇಳುವ ಕಚೇರಿ, ಗ್ಯಾರೇಜು ಮನೆಯಾಗುವಾಗ ಈ ಒಂದು ಕಾಗದವನ್ನೂ ಕೇಳಲಿ. ಅಣೆಕಟ್ಟಿನ ಹಿನ್ನೀರಿಗೆ ನೆಲ ಕೊಟ್ಟ ಮುಳುಗಡೆಯ ಜಿಲ್ಲೆಯವರು ನಾವು, ನೆಲದ ಕಾಗದಕ್ಕೆ ಅಲೆದು ಅಭ್ಯಾಸವಿದೆ.

ಅನುಮಾನದ ನೆಲ ಕಂಡರೆ ಅದರ ಪಟ್ಟಿ ಮಾಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸುವ ಹೊಣೆಯನ್ನು ಹೊಸ ನಿಯಮ ಸ್ಥಳೀಯ ಸಂಸ್ಥೆ ಮತ್ತು ಜಿಲ್ಲಾಡಳಿತದ ಮೇಲಿಟ್ಟಿದೆ. ಜನರ ದೂರಿನ ಮೇಲೂ ಅದು ಆಗಬೇಕು. ನಿಮ್ಮ ಓಣಿಯ ಹಿರಿಯರನ್ನು ಕೂರಿಸಿಕೊಂಡು ಯಾವ ಜಾಗದಲ್ಲಿ ಮೊದಲು ಏನಿತ್ತು ಎಂದು ಬರೆದುಕೊಳ್ಳಿ, ಒಂದು ಅರ್ಜಿ ಮಾಡಿ ನಗರಸಭೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ.