ಮರದೊಳಗಿನ ಎಳೆತನ



ಪುಸ್ತಕಗಳಿಗೆಂದು ಪೈನ್ ಹಲಗೆಗಳ ಕಪಾಟೊಂದನ್ನು ನಾನು ಮಾಡಿಸಿದ್ದೆ. ಹಲಗೆಗಳೆಲ್ಲ ಒಂದೇ ದಿಮ್ಮಿಯವು ಎಂದು ಮಾರಿದವರು ಹೇಳಿದ್ದರು. ಮೊದಲ ಬೇಸಿಗೆ ಕಳೆಯುವಷ್ಟರಲ್ಲಿ ಅವುಗಳಲ್ಲೊಂದು ಬಿಲ್ಲಿನಂತೆ ಬಾಗಿತು. ಉಳಿದವು ನೆಟ್ಟಗೇ ಇದ್ದುವು. ನಮ್ಮ ಬಡಗಿ ಆಚಾರರು ಬಾಗಿದ ಹಲಗೆಯ ತುದಿಯನ್ನು ತೋರಿಸಿ, “ಇದು ತಿರುಳಿನ ಪಕ್ಕದ್ದು ಸ್ವಾಮಿ, ಬಾಗದೆ ಏನು ಮಾಡೀತು?” ಎಂದರು. ನನಗೆ ಆಶ್ಚರ್ಯವಾಯಿತು. ಒಳಗಿನದು ಚೇಗು, ಚೇಗೆಂದರೆ ಗಟ್ಟಿ ಎಂದೇ ನಾನು ನಂಬಿದ್ದೆ. ಆ ನಂಬಿಕೆಯನ್ನು ತಿದ್ದಿಕೊಂಡ ಬಗೆಯನ್ನು ಈ ಹೊತ್ತು ತಮ್ಮ ಮುಂದಿಡುತ್ತೇನೆ.

ಚೇಗಿನ ಹಿರಿಮೆ ಬಹುಮಟ್ಟಿಗೆ ಹುಳು ಮತ್ತು ಕೊಳೆತಗಳನ್ನು ತಡೆಯುವುದರಲ್ಲಿದೆ. ಸಾಂದ್ರತೆಯ ಮಾತು ಬೇರೆ. ಮರವೆಂಬುದು ಸೂಕ್ಷ್ಮ ಕೊಳವೆಗಳ ಕಟ್ಟು. ಆ ಕೊಳವೆಗಳ ಗೋಡೆಯ ವಸ್ತು ಎಲ್ಲ ಮರಗಳಲ್ಲಿಯೂ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದುದು. ಗೋಡೆ ದಪ್ಪವಾಗಿ ಒಳಗಿನ ಟೊಳ್ಳು ಕಿರಿದಾದಂತೆ ಮರ ತೂಕವಾಗುತ್ತದೆ. ಬೆಳೆಯುತ್ತಿರುವ ಎಳೆಯ ಪೈನ್ ಗಿಡ ತೆಳುಗೋಡೆಯ ಕೊಳವೆಗಳನ್ನೇ ಹೆಚ್ಚಾಗಿ ಕಟ್ಟುತ್ತದೆ.

ರೇಡಿಯೇಟಾ ಪೈನನ್ನೇ ತೆಗೆದುಕೊಳ್ಳೋಣ. ಇದರ ತವರು ಕ್ಯಾಲಿಫೋರ್ನಿಯದ ಕರಾವಳಿ. ಬಾಳಿ ಬೆಳಗಿದ ನಾಡು ನ್ಯೂಜಿಲೆಂಡ್. ಅಲ್ಲಿನ ನೆಡುತೋಪುಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಈ ಮರವೇ. ಇದರ ತಿರುಳಿನ ಬಳಿಯ ಮರದಲ್ಲಿ ಒಣಪದಾರ್ಥ ಘನಮೀಟರಿಗೆ ಸುಮಾರು 350 ಕಿಲೋಗ್ರಾಂ ಇದ್ದರೆ, ಇಪ್ಪತ್ತು ಉಂಗುರಗಳಾಚೆ ಅದು 450ರ ಆಸುಪಾಸಿಗೆ ಏರುತ್ತದೆ. ನೆಲ, ಹವೆ, ತಳಿಗಳಿಗೆ ತಕ್ಕಂತೆ ಅಂಕಿಗಳು ವ್ಯತ್ಯಾಸವಾಗುತ್ತವೆ. ಒಳಗಿನಿಂದ ಹೊರಕ್ಕೆ ಏರುವ ಕ್ರಮ ಮಾತ್ರ ಬದಲಾಗದು. ತೂಕದೊಡನೆ ಇನ್ನೊಂದು ಕೊರತೆಯೂ ಸೇರಿದೆ. ಒಳಮರದ ಕೊಳವೆಗೋಡೆಗಳಲ್ಲಿ ನಾರೆಳೆಗಳು ನೆಟ್ಟಗೆ ನಿಲ್ಲದೆ ಓರೆಯಾಗಿ ಸುತ್ತಿಕೊಂಡಿರುತ್ತವೆ. ಆದ್ದರಿಂದ ಆ ಮರ ಒಣಗುವಾಗ ಉದ್ದಕ್ಕೂ ಕುಗ್ಗುತ್ತದೆ. ಹಲಗೆಯ ಒಂದು ಮಗ್ಗುಲು ಹೆಚ್ಚು ಕುಗ್ಗಿ ಇನ್ನೊಂದು ಕಡಮೆ ಕುಗ್ಗಿದರೆ ಬಾಗದೆ ಗತಿಯಿಲ್ಲ. ನನ್ನ ಕಪಾಟಿನಲ್ಲಿ ನಡೆದುದು ಇದೇ.

ಹಾಗಾದರೆ ಮುದಿಮರವನ್ನು ಕಡಿದರೆ ಸಾಕಲ್ಲವೆ ಎಂದು ತಾವು ಕೇಳಬಹುದು. ಇಲ್ಲಿಯೇ ನಾನು ಎಡವಿದ್ದು. ಮರ ಒಮ್ಮೆ ಕಟ್ಟಿದ ಉಂಗುರವನ್ನು ಮತ್ತೆ ಬಲಪಡಿಸುವುದಿಲ್ಲ. ಐವತ್ತು ವರ್ಷದ ಪೈನಿನ ನಡುವೆಯೂ ಹತ್ತು ವರ್ಷದ ಗಿಡದ ಮರ ಹಾಗೆಯೇ ಕುಳಿತಿರುತ್ತದೆ. ವಯಸ್ಸು ಅದನ್ನು ತಿದ್ದುವುದಿಲ್ಲ. ಸುತ್ತಲೂ ಗಟ್ಟಿಮರವನ್ನು ಹೊದಿಸುತ್ತದೆ, ಅಷ್ಟೆ.

ಇದಕ್ಕಿಂತ ಸೋಜಿಗ ಮರದ ತಲೆಯಲ್ಲಿದೆ. ಮರದ ಬಲವನ್ನು ನಿರ್ಧರಿಸುವುದು ಬುಡದ ವಯಸ್ಸಲ್ಲ, ಆಯಾ ಎತ್ತರದಲ್ಲಿ ತಿರುಳಿನಿಂದ ಎಣಿಸಿದ ಉಂಗುರಗಳ ಸಂಖ್ಯೆ. ಮೊದಲ ಹತ್ತು ಉಂಗುರಗಳನ್ನು ಎಳೆಯವೆಂದು ಗಣಿಸುವುದು ರೇಡಿಯೇಟಾ ಬಲ್ಲವರ ವಾಡಿಕೆ. 28 ವರ್ಷದ ಮರವೊಂದರಲ್ಲಿ 18ನೆಯ ವರ್ಷದ ಅನಂತರ ಮೇಲಕ್ಕೇರಿದ ಭಾಗದಲ್ಲಿ ಹತ್ತಕ್ಕಿಂತ ಹೆಚ್ಚು ಉಂಗುರಗಳೇ ಇರಲಾರವು. ಎಂದರೆ ಆ ಭಾಗವೆಲ್ಲ ಎಳೆಯದೇ. ಬುಡ ಹಿರಿಯನಾಗಿದ್ದರೂ ತುದಿ ಇನ್ನೂ ಬಾಲಕ.

ನ್ಯೂಜಿಲೆಂಡಿನ ಕೈಂಗರೋವ ಅರಣ್ಯದಲ್ಲಿ 1920 ಮತ್ತು 1930ರ ದಶಕಗಳಲ್ಲಿ ನೆಟ್ಟ ಮರಗಳಲ್ಲಿ ಎಷ್ಟೋ ನಲವತ್ತು ವರ್ಷ ದಾಟಿ ಬಾಳಿದುವು. ಈಗ ಆ ನಾಡಿನಲ್ಲಿ ರೇಡಿಯೇಟಾವನ್ನು ಕಡಿಯುವುದು ಸರಾಸರಿ 28 ವರ್ಷಗಳ ಆಸುಪಾಸಿನಲ್ಲಿ. ತಳಿ ಸುಧಾರಿಸಿದೆ, ಮರ ಬೇಗ ದಪ್ಪವಾಗುತ್ತದೆ. ಹೂಡಿದ ಹಣ ಬಡ್ಡಿ ಕೇಳುತ್ತದೆ, ಬಿರುಗಾಳಿಯ ಭಯವೂ ಉಂಟು. ಬೆಳೆಗಾರನನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ದಪ್ಪ ಬೇಗ ಬಂದಷ್ಟೇ ಬೇಗ ಬಲ ಬರುವುದಿಲ್ಲ. ಕೊಡಲಿ ಅವಸರಿಸಿದಷ್ಟೂ ದಿಮ್ಮಿಯಲ್ಲಿ ಎಳೆಮರದ ಪಾಲು ಹೆಚ್ಚು. ಆ ಉಳಿತಾಯದ ಬೆಲೆಯನ್ನು ತೆರುವವನು, ಹಲಗೆ ಕೊಂಡು ಮನೆಗೆ ಒಯ್ಯುವವನು.

ಆಚಾರರು ಆ ಹಲಗೆಯನ್ನು ಎಸೆಯಲಿಲ್ಲ. ಗೇಣುದ್ದದ ತುಂಡುಗಳಾಗಿ ಕೊಯ್ದು ನನಗೊಂದು ಕಾಗದದ ಪೆಟ್ಟಿಗೆ ಮಾಡಿಕೊಟ್ಟರು. ಉದ್ದವಿದ್ದಾಗ ಕಂಡ ಬಾಗು ತುಂಡಿನಲ್ಲಿ ಕಾಣಲಿಲ್ಲ. ಈ ಭಾಷಣದ ಹಾಳೆಗಳನ್ನು ನಾನು ಇಟ್ಟುಕೊಂಡದ್ದು ಅದರಲ್ಲಿಯೇ.